ಉಣ್ಣುವ ತಟ್ಟೆಯದೇ ವೇಷ

ಆಗಸ್ಟ್ ತಿಂಗಳ ಒಂದು ಬೆಳಗು. ಅಮೆರಿಕದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯದ ಸಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್ ಎಂಬ ಪುಟ್ಟ ಊರಿನ ದಕ್ಕೆಗೆ ಫೆರ್ರಿ ಬಂದು ತಾಗುತ್ತದೆ. ಇಳಿದವರಿಗೆಲ್ಲ ತಿಮಿಂಗಿಲದ್ದೇ ಧ್ಯಾನ. ಸಿಯಾಟಲ್‌ನಲ್ಲಿ ನೆಲೆಸಿದ ಕನ್ನಡದ ಸಂಸಾರಗಳೂ ಬೇಸಿಗೆ ರಜೆಯಲ್ಲಿ ಇದೇ ಫೆರ್ರಿ ಹತ್ತಿ ಬರುವುದುಂಟು. ಅವರ ಕಣ್ಣೂ ದೂರದ ನೀರಿನ ಮೇಲೆಯೇ, ಕಪ್ಪು ಬೆನ್ನೊಂದು ಎಲ್ಲಾದರೂ ಎದ್ದೀತೇ ಎಂದು.

ಕಾಲ ಬುಡದಲ್ಲಿ ಏನಿದೆ ಎಂದು ಬಗ್ಗಿ ನೋಡುವವರು ಕಡಿಮೆ. ಅಲ್ಲಿ, ತೇಲುವ ಹಲಗೆಗಳ ಬದಿಯಲ್ಲಿ, ಗಾಳಿಗೆ ಸೀಳಿದ ಬಾಳೆ ಎಲೆಯಂಥ ಉದ್ದುದ್ದ ಕಂದು ಪಟ್ಟಿಗಳು ಅಲೆಯೊಂದಿಗೆ ಹೊಯ್ದಾಡುತ್ತಿರುತ್ತವೆ. ಅದು ಕೆಲ್ಪ್ ಎಂಬ ದೈತ್ಯ ಕಡಲಕಳೆ. ಒಂದು ಪಟ್ಟಿಯನ್ನು ಮೇಲಕ್ಕೆತ್ತಿದರೆ ಅದರ ಮೇಲೆ ಬಿಳಿ ಲೇಸು ಅಂಟಿಸಿದಂತೆ ತೆಳುವಾದ, ದುಂಡನೆಯ ಕಲೆಗಳು. ಅಜ್ಜಿಯರು ಕ್ರೋಶಾ ಕಡ್ಡಿ ಹಿಡಿದು ಹೆಣೆಯುತ್ತಿದ್ದ ಮೇಜಿನ ಮುಚ್ಚಿಗೆಯ ಕಸುಬಿಗೆ ಕಡಿಮೆಯಿಲ್ಲದ ಕುಸುರಿ. ಅದನ್ನೇ ನೋಡುತ್ತ ನಿಂತರೆ ಒಂದು ಗಳಿಗೆಯಲ್ಲಿ ಲೇಸಿನದೊಂದು ಚೂರು ಸರಿದಂತೆ ಕಾಣುತ್ತದೆ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರೆ ಎಲ್ಲವೂ ಸ್ತಬ್ಧ.

ಸರಿದದ್ದು ಲೇಸಲ್ಲ, ಅದನ್ನು ತಿನ್ನುತ್ತ ಅದರ ಮೇಲೆಯೇ ಬದುಕುವ ಒಂದು ಹುಳು. ಚಿಪ್ಪಿಲ್ಲದ ಕಡಲ ಬಸವನಹುಳುಗಳ ಬಳಗಕ್ಕೆ ಸೇರಿದ್ದು. ಇಂಗ್ಲಿಷಿನಲ್ಲಿ ಈ ಬಳಗವನ್ನು ಸೀ ಸ್ಲಗ್ ಎನ್ನುತ್ತಾರೆ. ಇದರ ಶಾಸ್ತ್ರೀಯ ಹೆಸರು ಕೊರಾಂಬೆ ಸ್ಟೈನ್‌ಬರ್ಗೆ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು, ದಪ್ಪ ಲೆಕ್ಕಕ್ಕೇ ಇಲ್ಲ. ಅಲಾಸ್ಕಾದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾವರೆಗಿನ ಕರಾವಳಿ ಇದರ ಸೀಮೆ. ಅಷ್ಟು ಉದ್ದದ ಸೀಮೆಯಲ್ಲಿ ಇದಕ್ಕೆ ಬೇಕಾದದ್ದು ಮಾತ್ರ ಒಂದೇ ವಸ್ತು, ಆ ಬಿಳಿ ಲೇಸು.

ಲೇಸೆಂಬ ಕೇರಿ

ಹಾಗಾಗಿ ಮೊದಲು ಲೇಸಿನ ಕಥೆ. ಅದು ಗಿಡವಲ್ಲ, ಪಾಚಿಯೂ ಅಲ್ಲ. ಮೆಂಬ್ರಾನಿಪೋರಾ ಎಂಬ ಪ್ರಾಣಿ. ಸರಿಯಾಗಿ ಹೇಳಬೇಕೆಂದರೆ ಸಾವಿರಾರು ಪ್ರಾಣಿಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ಕೇರಿ. ಜೀವಶಾಸ್ತ್ರಜ್ಞರು ಈ ಗುಂಪಿಗೆ ಬ್ರಯೋಜೋವ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಜಾಲರಿ ಎಂದರೆ ಸಾಕು.

ಒಂದೊಂದು ಪ್ರಾಣಿಯದೂ ಅರ್ಧ ಮಿಲಿಮೀಟರಿನಷ್ಟು ಉದ್ದದ, ಆಯಾಕಾರದ ಕೋಣೆ. ಸುತ್ತ ಸುಣ್ಣದ ಗೋಡೆ, ಮೇಲೆ ಗಾಜಿನಂಥ ತೆಳು ಪೊರೆಯ ಮಾಡು. ಮಾಡಿನ ಒಂದು ತುದಿಯಲ್ಲಿ ಕಿರುಬಾಗಿಲು. ಅದನ್ನು ತೆರೆದು ಕುಂಚದಂಥ ಎಳೆಗಳನ್ನು ಹೊರಚಾಚಿ ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುವುದು ಒಳಗಿನ ಜೀವಿಯ ಕೆಲಸ. ಬರಿಗಣ್ಣಿಗೆ ಲೇಸಿನ ಕಣ್ಣುಗಳಂತೆ ಕಾಣುವುದು ಈ ಕೋಣೆಗಳು, ದಾರದಂತೆ ಕಾಣುವುದು ಗೋಡೆಗಳು.

ಕೇರಿ ಬೆಳೆಯುವುದು ಅಂಚಿನಲ್ಲಿ. ಸಮುದ್ರದಲ್ಲಿ ವಾರಗಟ್ಟಲೆ ತೇಲಿದ ತ್ರಿಕೋನಾಕಾರದ ಮರಿಯೊಂದು ಕೆಲ್ಪ್ ಎಲೆಗೆ ಬಂದು ಅಂಟುತ್ತದೆ, ರೂಪ ಬದಲಿಸಿ ಜೋಡಿ ಕೋಣೆಯಾಗುತ್ತದೆ. ಆ ಎರಡರಿಂದ ಮೊಗ್ಗೊಡೆದು ನಾಲ್ಕು, ನಾಲ್ಕರಿಂದ ಹತ್ತು. ಅಂದರೆ ಅಂಗೈ ಅಗಲದ ಜಾಲರಿಯಲ್ಲಿರುವ ಸಾವಿರಾರು ಜೀವಿಗಳೆಲ್ಲ ಒಂದೇ ಮರಿಯ ಪಡಿಯಚ್ಚು. ಅಲೆಗೆ ಎಲೆ ಬಾಗಿದರೆ ಜಾಲರಿಯೂ ಬಾಗಬೇಕಲ್ಲ? ಅದಕ್ಕೆಂದೇ ಗೋಡೆಗಳಲ್ಲಿ ಅಲ್ಲಲ್ಲಿ ಸುಣ್ಣವಿಲ್ಲದ ಮೆದು ಕೀಲುಗಳಿವೆ. ಬಿರುಸಾದ ಸುಣ್ಣದ ಹಲಗೆಯಾಗಿದ್ದರೆ ಮೊದಲ ಗಾಳಿಗೇ ಪುಡಿಯಾಗುತ್ತಿತ್ತು.

ಚೌಕಿಯಿಲ್ಲದ ವೇಷಧಾರಿ

ಹುಳು ಈ ಕೇರಿಯ ಮೇಲೆ ಬಾಯಿ ಒತ್ತಿ, ಅರದಂಥ ನಾಲಿಗೆಯಿಂದ ಪೊರೆಯ ಮಾಡನ್ನು ಕೊರೆದು, ಒಳಗಿನ ಜೀವಿಯನ್ನು ಹೀರಿಕೊಳ್ಳುತ್ತದೆ. ಒಂದು ಕೋಣೆ ಖಾಲಿಯಾದರೆ ಪಕ್ಕದ್ದು. ಹಲಸಿನ ಹಣ್ಣಿನ ಮುಂದೆ ಕುಳಿತವನು ತೊಳೆ ಬಿಡಿಸುತ್ತ ಹೋಗುವ ಹಾಗೆ, ಅವಸರವಿಲ್ಲ, ಬಿಡುವೂ ಇಲ್ಲ.

ಊಟದ ಮೇಲೆಯೇ ಹಗಲೂ ರಾತ್ರಿ ಕುಳಿತಿರುವವನಿಗೆ ದೊಡ್ಡ ಅಪಾಯ ಮೀನಿನ ಕಣ್ಣು. ಓಡುವ ಶಕ್ತಿಯಿಲ್ಲ, ಚಿಪ್ಪಿಲ್ಲ. ಇದಕ್ಕೆ ಹುಳು ಕಂಡುಕೊಂಡ ದಾರಿ ವೇಷ. ಮೈ ಹೆಚ್ಚುಕಡಿಮೆ ಪಾರದರ್ಶಕ, ಕೆಳಗಿನ ಜಾಲರಿ ಮೈಯೊಳಗಿಂದಲೇ ಮಸುಕಾಗಿ ಕಾಣುತ್ತದೆ. ಅದೂ ಸಾಲದೆಂಬಂತೆ ಬೆನ್ನ ಮೇಲೆ ತುಂಡುತುಂಡಾದ ಬಿಳಿ ಗೆರೆಗಳ ಬಲೆ. ಗೆರೆಗಳ ನಡುವಿನ ಅಂತರವೂ ಜಾಲರಿಯ ಕೋಣೆಗಳ ಅಳತೆಗೆ ಹತ್ತಿರ. ಗೆರೆ ಒಂದೇ ಸಮನಾಗಿ ಹರಿಯದೆ ಮಧ್ಯೆ ಮಧ್ಯೆ ಕಡಿದಿರುವುದರಲ್ಲಿ ನಿಜವಾದ ಕುಶಲತೆಯಿದೆ. ತೀರಾ ನೇರ್ಪಾದ ಬಲೆಯಾಗಿದ್ದರೆ ಅದೇ ಎದ್ದು ಕಾಣುತ್ತಿತ್ತು.

ಈ ವೇಷಕ್ಕಾಗಿ ಮೈಯ ಕಟ್ಟೇ ಬದಲಾಗಿದೆ. ಇದರ ಹತ್ತಿರದ ಸಂಬಂಧಿಗಳಲ್ಲಿ ಕಿವಿರುಗಳು ಬೆನ್ನ ಹಿಂಭಾಗದಲ್ಲಿ ಹೂವಿನ ಗೊಂಚಲಿನಂತೆ ಅರಳಿ ನಿಂತಿರುತ್ತವೆ. ಫೋಟೋಗಳಲ್ಲಿ ಕಡಲ ಬಸವನಹುಳುಗಳು ಅಷ್ಟು ಚೆಂದ ಕಾಣುವುದಕ್ಕೆ ಆ ಗೊಂಚಲೂ ಒಂದು ಕಾರಣ. ಆದರೆ ಲೇಸಿನ ಮೇಲೆ ಹೂವು ಅರಳಿದರೆ ಗುಟ್ಟು ರಟ್ಟು. ಹಾಗಾಗಿ ಕೊರಾಂಬೆಗಳಲ್ಲಿ ಕಿವಿರುಗಳು ಮೈಯ ಹಿಂತುದಿಯಲ್ಲಿ, ಬೆನ್ನ ಅಂಚಿನ ಕೆಳಗೆ ಅಡಗಿವೆ. ಮೇಲೆ ಉಳಿದದ್ದು ವಾಸನೆ ಹಿಡಿಯುವ ಎರಡು ಪುಟ್ಟ ಕೊಂಬು ಮಾತ್ರ.

ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬಣ್ಣ ಬರೆದುಕೊಂಡು ರಂಗಕ್ಕೆ ಬರುತ್ತಾನೆ, ಬೆಳಗಾದರೆ ಒರೆಸಿಕೊಳ್ಳುತ್ತಾನೆ. ಈ ಹುಳುವಿಗೆ ಚೌಕಿಯೇ ಇಲ್ಲ. ಬೇರೆ ಹಿನ್ನೆಲೆಗೆ ಹೋದರೆ ಅದರ ವೇಷಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ಕಂದು ಎಲೆಯ ಬರಿಮೈ ಮೇಲೆ ಇಟ್ಟು ನೋಡಿದರೆ ಚಿಕ್ಕ ಮಗುವಿಗೂ ಸಿಕ್ಕಿಬೀಳುತ್ತದೆ.

ಇಬ್ಬರು ಅಣ್ಣತಮ್ಮಂದಿರು, ಮೂರು ಹೆಸರು

ಈ ಲೇಸಿನ ಮೇಲೆ ಇನ್ನೊಂದು ಹುಳುವೂ ಇದೆ, ಕೊರಾಂಬೆ ಪೆಸಿಫಿಕಾ. ಮೊದಲು ವಿಜ್ಞಾನದ ಕಣ್ಣಿಗೆ ಬಿದ್ದದ್ದು ಅದೇ. ಫ್ರ್ಯಾಂಕ್ ಮ್ಯಾಕ್‌ಫಾರ್ಲಂಡ್ ಮತ್ತು ಚಾರ್ಲ್ಸ್ ಓಡನಹ್ಯು ಅದನ್ನು ವಿವರಿಸಿದ್ದು 1929ರಲ್ಲಿ. ಎರಡಕ್ಕೂ ವ್ಯತ್ಯಾಸ ತಿಳಿಯಲು ಹಿಂತುದಿ ನೋಡಬೇಕು. ಪೆಸಿಫಿಕಾದ ಬೆನ್ನಂಚು ಹಿಂದೆ ಕಚ್ಚು ಹಾಕಿದಂತೆ ಒಳಸರಿದಿರುತ್ತದೆ, ನಮ್ಮ ಕಥಾನಾಯಕನದು ದುಂಡು.

ಆ ದುಂಡು ಬೆನ್ನಿನದನ್ನು ಜೇಮ್ಸ್ ಲ್ಯಾನ್ಸ್ ಬೇರೆಯೇ ಜೀವಿಯೆಂದು ಗುರುತಿಸಿದ್ದು 1962ರಲ್ಲಿ. ಅಲ್ಲಿಯವರೆಗೆ ಅದು ಎಷ್ಟು ಮಂದಿಯ ಕೈಯಲ್ಲಿ ಹಿಡಿದ ಎಲೆಯ ಮೇಲೆ ಕಾಣದೆ ಕುಳಿತಿತ್ತೋ! ಇಂಥ ಹುಳುಗಳನ್ನೇ ಅಧ್ಯಯನ ಮಾಡುತ್ತಿದ್ದ ಜೋನ್ ಸ್ಟೈನ್‌ಬರ್ಗ್ ಎಂಬ ವಿಜ್ಞಾನಿಯ ಗೌರವಕ್ಕೆ ಹೆಸರಿಟ್ಟರು. ಆಗ ಕೊರಾಂಬೆಲ್ಲ ಎಂದಿದ್ದ ಕುಲದ ಹೆಸರು ಆಮೇಲೆ ಡೊರಿಡೆಲ್ಲ, ಕೊರಾಂಬೆ ಎಂದು ಎರಡು ಸಲ ಬದಲಾಯಿತು. ಹಳೆಯ ಬರಹಗಳಲ್ಲಿ ಡೊರಿಡೆಲ್ಲ ಎಂದು ಕಂಡರೆ ಅದೂ ಇದೇ.

ತಿರುಗಾಟದ ದಿನಗಳು

ಈ ಹುಳು ಯಾವಾಗ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಳುವಿನಲ್ಲಿ ಇಲ್ಲ. ಅದನ್ನು ಜಾಲರಿಯಲ್ಲಿ ಹುಡುಕಬೇಕು. ಜಾಲರಿಯ ಉತ್ತರ ಕೆಲ್ಪಿನಲ್ಲಿದೆ. ಕೆಲ್ಪಿನದು ಸೂರ್ಯನಲ್ಲಿ.

ಫ್ರೈಡೇ ಹಾರ್ಬರಿನ ಸುತ್ತ ಬೆಳೆಯುವುದು ಹೆಚ್ಚಾಗಿ ಬುಲ್ ಕೆಲ್ಪ್. ಇದು ಬಹುಮಟ್ಟಿಗೆ ಒಂದೇ ವರ್ಷದ ಬೆಳೆ. ವಸಂತದಲ್ಲಿ ಕಡಲತಳದ ಬಂಡೆಗೆ ಕಚ್ಚಿಕೊಂಡು ಮೊಳೆತದ್ದು, ದಿನ ಉದ್ದವಾದಂತೆ ಮೇಲಕ್ಕೆ ನೆಗೆದು, ಬೇಸಿಗೆಯೊಳಗೆ ಮೂವತ್ತು ಮೀಟರ್ ಆದರೂ ಆದೀತು. ನಮ್ಮ ತೆಂಗಿನ ಮರಕ್ಕೆ ಅಷ್ಟು ಎತ್ತರವಾಗಲು ಒಂದು ಆಯುಸ್ಸು ಬೇಕು. ದಂಟಿನ ತುದಿಯಲ್ಲಿ ಗಾಳಿ ತುಂಬಿದ ಬುರುಡೆ, ಬುರುಡೆಯಿಂದ ಜಡೆ ಬಿಚ್ಚಿದಂತೆ ಇಳಿದ ಎಲೆಗಳು. ಆ ಬುರುಡೆಯ ಗಾಳಿಯಲ್ಲಿ ಕಾರಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೂಡ ಇರುವುದು ಬೇರೆಯೇ ಒಂದು ಸೋಜಿಗ.

ಎಲೆ ಹರಡಿದ ಮೇಲೆ ಜಾಲರಿಯ ಮರಿಗಳು ಬಂದು ಕೂರುತ್ತವೆ. ಬೇಸಿಗೆ ನಡುವಿಗೆ ಕಲೆಗಳು ರೂಪಾಯಿ ನಾಣ್ಯದಷ್ಟು, ಬೇಸಿಗೆ ಮುಗಿಯುವಾಗ ಊಟದ ತಟ್ಟೆಯಷ್ಟು, ಒಂದಕ್ಕೊಂದು ತಾಗಿ ಎಲೆಯೇ ಬೆಳ್ಳಗಾಗುವಷ್ಟು. ಅಡುಗೆ ಆಯಿತು, ಎಲೆ ಹಾಕಿಯಾಯಿತು, ಇನ್ನು ಉಣ್ಣುವವರು ಬರಬೇಕು.

ಹುಳುವಿನ ಮರಿಯೂ ಹುಟ್ಟುವಾಗ ಹುಳುವಿನಂತಿಲ್ಲ. ಬೆನ್ನಿಗೆ ಪುಟ್ಟ ಸುರುಳಿ ಚಿಪ್ಪು ಹೊತ್ತು, ಈಜುವ ಹಾಲೆಗಳನ್ನು ಬಡಿಯುತ್ತ ವಾರಗಟ್ಟಲೆ ನೀರಿನಲ್ಲಿ ತೇಲುತ್ತದೆ. ಆಮೇಲೆ ಅದು ಕಾಯುವುದು ಒಂದೇ ಸಂಕೇತಕ್ಕೆ, ಬದುಕಿರುವ ಮೆಂಬ್ರಾನಿಪೋರಾದ ಸ್ಪರ್ಶಕ್ಕೆ. ಅದು ಸಿಕ್ಕರೆ ಮಾತ್ರ ಚಿಪ್ಪು ಕಳಚಿ, ಈಜುವ ಅಂಗ ಬಿಟ್ಟು, ಚಪ್ಪಟೆ ಹುಳುವಾಗಿ ಮಾರ್ಪಡುತ್ತದೆ. ಬಂಡೆ ಸಿಕ್ಕಿತು, ಬೇರೆ ಪಾಚಿ ಸಿಕ್ಕಿತು ಎಂದು ಅಲ್ಲೇ ಬಿಡಾರ ಹೂಡುವ ಅಭ್ಯಾಸ ಇಲ್ಲ. 1970ರ ದಶಕದ ಕೊನೆಯಲ್ಲಿ ಲೂಯಿಸ್ ಬಿಕ್ಕೆಲ್ ಮತ್ತು ಫು-ಶಿಯಾಂಗ್ ಚಿಯಾ ಈ ಮರಿಗಳನ್ನು ಪ್ರಯೋಗಾಲಯದಲ್ಲಿ ಸಾಕಿ ಈ ಮಾರ್ಪಾಡನ್ನು ಹಂತಹಂತವಾಗಿ ದಾಖಲಿಸಿದರು.

ಕೂತ ಮೇಲೆ ಎಲ್ಲವೂ ಧಾವಂತ. ಕೆಲವೇ ವಾರಗಳಲ್ಲಿ ಬಲಿತು, ಜೋಡಿಯಾಗಿ, ಜಾಲರಿಯ ಮೇಲೆಯೇ ಬಿಳಿ ಲೋಳೆಯ ಸುರುಳಿಯಲ್ಲಿ ಮೊಟ್ಟೆ ಇಟ್ಟು ಮುಗಿಯಬೇಕು. ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಎದುರಾದ ಯಾವ ಜೊತೆಗಾರನಾದರೂ ಸಂಬಂಧಕ್ಕೆ ಒಪ್ಪಿಗೆ. ಅಲ್ಪಾಯುಷಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಹೀಗೆ ಒಂದೇ ಬೇಸಿಗೆಯಲ್ಲಿ ತಲೆಮಾರಿನ ಮೇಲೆ ತಲೆಮಾರು. ಅದರಿಂದಲೇ ಬೇಸಿಗೆಯ ಮೊದಲಲ್ಲಿ ಹುಡುಕಿದರೂ ಸಿಗದ ಹುಳು ಬೇಸಿಗೆಯ ಕೊನೆಗೆ ಒಂದೇ ಎಲೆಯ ಮೇಲೆ ಹತ್ತಾರು ಸಿಗುತ್ತದೆ.

ಕರಾವಳಿಯ ಯಕ್ಷಗಾನ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ಈ ಹುಳುವಿನ ಗೆಜ್ಜೆ ಬಿಚ್ಚಿಸುವುದು ಶರತ್ಕಾಲದ ಬಿರುಗಾಳಿ. ಬುಲ್ ಕೆಲ್ಪ್ ಬುಡಸಹಿತ ಕಿತ್ತು ದಡಕ್ಕೆ ಬೀಳುತ್ತದೆ. ಜಾಲರಿ, ಹುಳು, ಮೊಟ್ಟೆ ಎಲ್ಲವೂ ಮರಳಿನ ಮೇಲೆ ಒಣಗುತ್ತವೆ.

ತೆಂಕಣ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ. ಅಲ್ಲಿನ ಜಯಂಟ್ ಕೆಲ್ಪ್ ಹಲವು ವರ್ಷ ಬಾಳುತ್ತದೆ, ಅನುಕೂಲ ಕೂಡಿಬಂದರೆ ದಿನಕ್ಕೆ ಅರ್ಧ ಮೀಟರ್ ಚಿಗುರುತ್ತದೆ. ಎಲೆ ವರ್ಷವಿಡೀ ಇರುವುದರಿಂದ ಜಾಲರಿಗೂ ಹುಳುವಿಗೂ ಅಲ್ಲಿ ಪೂರ್ತಿ ಬಿಡುವಿಲ್ಲ, ಏರಿಳಿತ ಮಾತ್ರ. ಹುಳು ಒಂದೇ, ಊರು ಬದಲಾದರೆ ಪಂಚಾಂಗ ಬೇರೆ. ಸ್ವಂತದ್ದೆಂಬ ಋತು ಅದಕ್ಕಿಲ್ಲ.

ಕಡಲ ಬಸವನಹುಳುಗಳ ಇಡೀ ಬಳಗಕ್ಕೆ ಇದೇ ಅಳತೆಗೋಲು ಹಿಡಿಯಬಹುದು. ಬೇಗ ಬಂದು ಬೇಗ ಹೋಗುವ ಆಹಾರ ತಿನ್ನುವವು ವರ್ಷಕ್ಕೆ ಹಲವು ತಲೆಮಾರು ಮುಗಿಸುತ್ತವೆ. ಗಟ್ಟಿಯಾಗಿ ನೆಲೆ ನಿಂತ ಆಹಾರ ಉಳ್ಳವು ವರ್ಷಕ್ಕೊಂದೇ ತಲೆಮಾರಿನಲ್ಲಿ ನಿಧಾನವಾಗಿ ಬಾಳುತ್ತವೆ. ಬ್ರಿಟನ್ನಿನ ತೀರದ ಅಡಲೇರಿಯಾ ಪ್ರಾಕ್ಸಿಮಾ ಅಂಥ ವರ್ಷಾವಧಿಯ ಜೀವಿ. ಅದೂ ಜಾಲರಿ ತಿನ್ನುವುದೇ, ಆದರೆ ಅದರ ಜಾಲರಿ ಬೇರೆ ಜಾತಿಯದು.

ಜಾಲರಿ ಮುಳ್ಳು ಮೂಡಿಸಿತು

ಈವರೆಗೆ ಜಾಲರಿ ಬರಿ ತಟ್ಟೆಯಂತೆ ಸುಮ್ಮನೆ ಬಿದ್ದಿತ್ತು. ಅದೂ ತಿರುಗಿ ನಿಲ್ಲುತ್ತದೆ ಎಂಬುದು ಈ ಕಥೆಯ ಅತ್ಯಂತ ಸ್ವಾರಸ್ಯದ ಭಾಗ.

ಕೆಲವು ಜಾಲರಿಗಳು ನಯವಾಗಿರುತ್ತವೆ, ಕೆಲವುಗಳ ತುಂಬ ಮುಳ್ಳು. ಬೇರೆ ಬೇರೆ ಜಾತಿಗಳಿರಬೇಕು ಎಂದುಕೊಳ್ಳುವುದು ಸಹಜ. 1982ರಲ್ಲಿ ಪಾಲ್ ಯೋಶಿಯೋಕಾ ಈ ಮುಳ್ಳುಗಳಿಗೂ ಹುಳುಗಳಿಗೂ ಸಂಬಂಧವಿದೆ ಎಂದು ತೋರಿಸಿದರು. ಎರಡು ವರ್ಷ ಬಿಟ್ಟು, 1984ರಲ್ಲಿ, ಡ್ರೂ ಹಾರ್ವೆಲ್ ಎಂಬ ಜೀವಶಾಸ್ತ್ರಜ್ಞೆ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಆ ಸಂಬಂಧವನ್ನು ನಿಚ್ಚಳ ಮಾಡಿತು. ನಯವಾದ ಜಾಲರಿಯ ಮೇಲೆ ಹುಳು ಬಿಟ್ಟರೆ ಒಂದೆರಡು ದಿನಗಳಲ್ಲೇ ಅಂಚಿನಲ್ಲಿ ಹೊಸದಾಗಿ ಕಟ್ಟುವ ಕೋಣೆಗಳು ಮುಳ್ಳು ಹೊತ್ತು ಹುಟ್ಟುತ್ತವೆ. ಹುಳು ಕಚ್ಚಲೇಬೇಕೆಂದಿಲ್ಲ, ಹುಳು ಇದ್ದ ನೀರಿನಲ್ಲಿ ಕರಗಿದ ರಾಸಾಯನಿಕ ಗುರುತೇ ಸಾಕು.

ಮುಳ್ಳು ಎದ್ದ ಕಡೆ ಹುಳುವಿಗೆ ಬಾಯಿ ಒತ್ತುವುದು ಕಷ್ಟ. ಹಾಗಿದ್ದರೆ ಮೊದಲಿನಿಂದಲೇ ಎಲ್ಲ ಕೋಣೆಗೂ ಮುಳ್ಳು ಕಟ್ಟಿಕೊಂಡರಾಗದೇ? ಆಗದು, ಏಕೆಂದರೆ ಮುಳ್ಳಿಗೂ ಖರ್ಚಿದೆ. ಮುಳ್ಳಿನ ಜಾಲರಿ ನಯ ಜಾಲರಿಗಿಂತ ನಿಧಾನವಾಗಿ ಹರಡುತ್ತದೆ ಎಂದು ಹಾರ್ವೆಲ್ ಮುಂದಿನ ಕೆಲಸದಲ್ಲಿ ಅಳೆದು ತೋರಿಸಿದರು. ಎಲೆಯ ಮೇಲಿನ ಜಾಗಕ್ಕೆ ಪೈಪೋಟಿ ಇರುವಾಗ ನಿಧಾನವಾದವನು ಸೋತ. ಕಾಡುಹಂದಿ ಬಾರದ ವರ್ಷ ಗದ್ದೆಯ ಸುತ್ತ ಬೇಲಿ ಹಾಕಿ ಖರ್ಚು ಮಾಡಿದ ರೈತನ ಪಾಡು ಅದು.

ಇಂಥ ಹೊಂಚು ಯಾರಿಗೆ ಸಾಧ್ಯ? ಒಂದೇ ತುತ್ತಿಗೆ ಸಾಯುವ ಪ್ರಾಣಿಗೆ ಪಾಠ ಕಲಿಯಲು ಸಮಯವೇ ಇಲ್ಲ. ಜಾಲರಿಯ ಕೋಣೆಗಳನ್ನು ಹುಳು ಒಂದೊಂದಾಗಿ ತಿನ್ನುತ್ತದೆ. ನೂರು ಕೋಣೆ ಹೋದರೂ ಉಳಿದ ಸಾವಿರ ಅದೇ ಜೀವದ ಪಡಿಯಚ್ಚು. ಸತ್ತವರ ಸುದ್ದಿ ಉಳಿದವರಿಗೆ ಮುಟ್ಟುವಷ್ಟು ನಿಧಾನ ಈ ಬೇಟೆ.

ಹುಳುವಿಲ್ಲದ ಕಡಲಿಗೆ ಹೋದ ಜಾಲರಿ

1987ರಲ್ಲಿ ಅಮೆರಿಕದ ಇನ್ನೊಂದು ಮಗ್ಗುಲಲ್ಲಿ, ಅಟ್ಲಾಂಟಿಕ್ ತೀರದ ಮೇಯ್ನ್ ಕೊಲ್ಲಿಯಲ್ಲಿ, ಅದುವರೆಗೆ ಅಲ್ಲಿಲ್ಲದ ಮೆಂಬ್ರಾನಿಪೋರಾ ಕಾಣಿಸಿಕೊಂಡಿತು. ಯೂರೋಪಿನಿಂದ ಹಡಗುಗಳ ಜೊತೆ ಬಂದಿರಬೇಕು ಎಂಬುದು ವಿಜ್ಞಾನಿಗಳ ಅಂದಾಜು. ಕೆಲವೇ ವರ್ಷಗಳಲ್ಲಿ ಅದು ಕೆನಡಾದ ನೋವಾ ಸ್ಕೋಶಿಯಾ ಮುಟ್ಟಿತು.

ಪೆಸಿಫಿಕ್ ತೀರದ ಎರಡು ಕೊರಾಂಬೆಗಳೂ ಅಲ್ಲಿರಲಿಲ್ಲ. ಜಾಲರಿ ತಿನ್ನುವ ಆಂಕಿಡೋರಿಸ್ ಮ್ಯೂರಿಕೇಟಾ ಎಂಬ ಬೇರೊಂದು ಕಡಲ ಬಸವನಹುಳು ಇತ್ತು. ಆದರೆ ಅದು ವರ್ಷಕ್ಕೊಂದು ತಲೆಮಾರಿನ ನಿಧಾನಿ. ಬೇಸಿಗೆಯಲ್ಲಿ ವಾರವಾರಕ್ಕೂ ಹಿಗ್ಗುವ ಜಾಲರಿಯ ಓಟಕ್ಕೆ ಹೆಜ್ಜೆ ಹಾಕುವ ಕಾಲು ಅದಕ್ಕಿಲ್ಲ.

ಜಾಲರಿ ಮುಚ್ಚಿದ ಎಲೆ ಪೆಡಸಾಗುತ್ತದೆ. ಅಲೆಗೆ ಬಾಗಬೇಕಾದದ್ದು ಮುರಿಯುತ್ತದೆ. ಶರತ್ಕಾಲದ ಬಿರುಗಾಳಿಗೆ ನೋವಾ ಸ್ಕೋಶಿಯಾದ ಕೆಲ್ಪ್ ಹಾಸುಗಳು ಬೋಳಾದವು. ಖಾಲಿಯಾದ ಜಾಗಕ್ಕೆ ಹಲವೆಡೆ ಕೋಡಿಯಂ ಎಂಬ ಮತ್ತೊಂದು ವಲಸೆ ಕಡಲಕಳೆ ಬಂದು ಕುಳಿತಿತು. ಹ್ಯಾಲಿಫ್ಯಾಕ್ಸ್‌ನ ಸಂಶೋಧಕರಾದ ಮೇಗನ್ ಸಾಂಡರ್ಸ್ ಮತ್ತು ಆನಾ ಮೆಟಾಕ್ಸಸ್ ನೀರು ಬೆಚ್ಚಗಾದ ವರ್ಷಗಳಲ್ಲಿ ಜಾಲರಿಯ ಮರಿಗಳು ಬೇಗ ಮತ್ತು ಹೆಚ್ಚಾಗಿ ಬಂದು ಕೂರುವುದನ್ನು ದಾಖಲಿಸಿದ್ದಾರೆ.

ಇದನ್ನು ಓದಿ ಹುಳುವೊಂದೇ ಪೆಸಿಫಿಕ್ ಕೆಲ್ಪ್ ಕಾಡನ್ನು ಕಾಪಾಡುತ್ತಿದೆ ಎಂಬ ತೀರ್ಮಾನಕ್ಕೆ ಹಾರುವುದು ತಪ್ಪಾದೀತು. ಅಲ್ಲಿಯೂ ಎಲೆಗಳು ಬೆಳ್ಳಗಾಗುತ್ತವೆ, ಮುರಿಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಸೆನ್ಯೋರಿಟಾ ಎಂಬ ಪುಟ್ಟ ಮೀನು ಜಾಲರಿಗಾಗಿ ಎಲೆಯನ್ನೇ ಕಚ್ಚಿ ಹರಿಯುತ್ತದೆ. ತಿನ್ನುವವರ ಸರದಿ ಸಾಲಿನಲ್ಲಿ ಹುಳು ಒಬ್ಬ, ಅಷ್ಟೇ.

ಗುಲಾಬಿ ಸುದ್ದಿ

ಹುಳು ಯಾವಾಗ ಎಲ್ಲಿ ಕಾಣುತ್ತದೆ ಎಂದು ಬರೆದಿಡುವುದು ಕೆಲಸವಿಲ್ಲದವರ ಹವ್ಯಾಸದಂತೆ ತೋರಬಹುದು. 2015ರ ಆರಂಭದಲ್ಲಿ ಆ ಹವ್ಯಾಸಕ್ಕೆ ಬೆಲೆ ಬಂತು.

ಕೊರಾಂಬೆಯ ದೂರದ ನೆಂಟ ಒಕೇನಿಯಾ ರೋಸೇಸಿಯಾ ಕಡು ಗುಲಾಬಿ ಬಣ್ಣದ್ದು. ಅದು ತಿನ್ನುವುದೂ ಗುಲಾಬಿ ಬಣ್ಣದ ಜಾಲರಿಯನ್ನೇ. ಇಬ್ಬರ ಮೈಯಲ್ಲೂ ಒಂದೇ ವರ್ಣದ್ರವ್ಯ, ಅಂದರೆ ಇಲ್ಲಿ ಬಣ್ಣವೇ ಊಟದಿಂದ ಬಂದ ಸಾಲ. ಇದಕ್ಕೂ ಹೆಸರಿಟ್ಟವರು ಮ್ಯಾಕ್‌ಫಾರ್ಲಂಡ್, 1905ರಲ್ಲಿ. ಕಡಲ ಪ್ರಯೋಗಾಲಯವೊಂದಕ್ಕೆ ಹಣ ಕೊಟ್ಟ ಟಿಮೊಥಿ ಹಾಪ್ಕಿನ್ಸ್ ಅವರ ಹೆಸರನ್ನು ಆಗ ಕುಲಕ್ಕೆ ಇಟ್ಟಿದ್ದರಿಂದ ಹಾಪ್ಕಿನ್ಸ್ ರೋಸ್ ಎಂಬ ರೂಢಿನಾಮ ಇಂದಿಗೂ ಇದೆ. ದೇವಸ್ಥಾನದ ಕಂಬಕ್ಕೆ ದಾನಿಯ ಹೆಸರು ಕೆತ್ತುವ ಪದ್ಧತಿ ಎಲ್ಲ ಕಡೆಯೂ ಉಂಟು ಎಂದಾಯಿತು.

ಈ ಗುಲಾಬಿ ಹುಳು ತೆಂಕಣ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ, ಬಡಗಣದಲ್ಲಿ ಅಪರೂಪ. 2015ರಲ್ಲಿ ಬಡಗಣ ತೀರದ ಬಂಡೆಗುಂಡಿಗಳಲ್ಲೂ ರಾಶಿರಾಶಿ ಕಾಣಿಸಿತು. ಜೆಫ್ ಗಾಡರ್ಡ್ ಮತ್ತಿತರ ಸಂಶೋಧಕರು ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದರೆ ಇಂಥ ದಂಡು ಹಿಂದೆ ಬಂದದ್ದು 1998ರ ಪ್ರಬಲ ಎಲ್ ನಿನೋ ಸಮಯದಲ್ಲಿ. ಕಡಲು ಬೆಚ್ಚಗಾಗಿ ಪ್ರವಾಹದ ದಿಕ್ಕು ಬದಲಾದಾಗ ತೆಂಕಣದ ಮರಿಗಳು ಬಡಗಣಕ್ಕೆ ತೇಲಿ ಬರುತ್ತವೆ. ಆಯುಸ್ಸು ಚಿಕ್ಕದು, ಆಹಾರ ಒಂದೇ. ಆದ್ದರಿಂದಲೇ ನೀರಿನ ಬದಲಾವಣೆಗೆ ಇಂಥ ಹುಳುಗಳು ಬೇಗ ಮೈ ತೋರಿಸುತ್ತವೆ.

ಕಾಡೇ ಬರಿದಾದಾಗ

ಅದೇ ವರ್ಷಗಳು ಕೆಲ್ಪ್ ಕಾಡಿಗೆ ಕೆಟ್ಟ ಕಾಲ. 2013ರಲ್ಲಿ ನಕ್ಷತ್ರಮೀನುಗಳಿಗೆ ಮೈ ಕರಗಿಸುವ ರೋಗ ತಗುಲಿತು. ಇಪ್ಪತ್ತಕ್ಕೂ ಹೆಚ್ಚು ತೋಳುಗಳ, ಒಂದು ಮೀಟರ್ ಅಗಲಕ್ಕೆ ಬೆಳೆಯಬಲ್ಲ ಸೂರ್ಯಕಾಂತಿ ನಕ್ಷತ್ರಮೀನಿನ ಸಂತತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾಯಿತು. ಅದು ತಿನ್ನುತ್ತಿದ್ದ ಮುಳ್ಳುಚೆಂಡಿನಂಥ ಅರ್ಚಿನ್‌ಗಳಿಗೆ ಹೇಳುವವರು ಕೇಳುವವರು ಇಲ್ಲದಾಯಿತು. 2014ರಿಂದ 2016ರವರೆಗೆ ಕಡಲು ಅಸಹಜವಾಗಿ ಬಿಸಿಯೇರಿತು. ಎರಡೂ ಸೇರಿ ಉತ್ತರ ಕ್ಯಾಲಿಫೋರ್ನಿಯಾದ ಬುಲ್ ಕೆಲ್ಪ್ ಕಾಡಿನ ತೊಂಬತ್ತು ಪ್ರತಿಶತಕ್ಕೂ ಹೆಚ್ಚು ಭಾಗ ಅಳಿಯಿತು.

ಎಲೆಯಿಲ್ಲ, ಆದ್ದರಿಂದ ಎಲೆಯ ಮೇಲಿನ ಜಾಲರಿಯಿಲ್ಲ, ಜಾಲರಿಯ ಮೇಲಿನ ಹುಳುವಿಲ್ಲ. ಪತ್ರಿಕೆಗಳಲ್ಲಿ ನಕ್ಷತ್ರಮೀನಿನ ಚಿತ್ರ ಬಂತು, ಬೋಳು ಬಂಡೆಯ ಚಿತ್ರ ಬಂತು. ಕಾಣದೆ ಬದುಕುವುದೇ ಕಸುಬಾದವನು ಕಾಣೆಯಾದದ್ದು ಸುದ್ದಿಯಾಗುವುದಾದರೂ ಹೇಗೆ?

ಈ ನಕ್ಷತ್ರಮೀನಿನ ರೋಗದ ಬೆನ್ನು ಹತ್ತಿದವರಲ್ಲಿ ಮುಂಚೂಣಿಯ ಹೆಸರು ಡ್ರೂ ಹಾರ್ವೆಲ್. ಹೌದು, ಜಾಲರಿಯ ಮುಳ್ಳು ಎಣಿಸಿದ ಅದೇ ಹಾರ್ವೆಲ್. ಆ ಹೊತ್ತಿಗೆ ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಡಲ ರೋಗಗಳ ತಜ್ಞೆ. ರೋಗಕ್ಕೆ ಕಾರಣ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ಎಂದು 2025ರಲ್ಲಿ ಪ್ರಕಟಿಸಿದ ತಂಡದಲ್ಲಿಯೂ ಅವರಿದ್ದರು. 1904ರಲ್ಲಿ ಆರಂಭವಾದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ ಈಗ ಸೂರ್ಯಕಾಂತಿ ನಕ್ಷತ್ರಮೀನಿನ ಮರಿಗಳನ್ನು ತೊಟ್ಟಿಗಳಲ್ಲಿ ಸಾಕುವ ಕೆಲಸ ನಡೆದಿದೆ. ಮರಿ ದೊಡ್ಡದಾಗಿ ಅರ್ಚಿನ್ ತಿಂದು ಕೆಲ್ಪ್ ಮರಳಿದರೆ ಲೇಸಿಗೂ ಜಾಗ ಸಿಕ್ಕೀತು.

ನಮ್ಮ ಕಡಲಲ್ಲಿ

ಕೆಲ್ಪಿಗೆ ತಣ್ಣೀರ ಕಡಲು ಬೇಕು. ಹಾಗಾಗಿ ಕರ್ನಾಟಕದ ಕರಾವಳಿಯಲ್ಲಿ ಕೆಲ್ಪ್ ಕಾಡಿಲ್ಲ, ಈ ಕೊರಾಂಬೆಯೂ ಸಿಗದು. ಆದರೆ ಜಾಲರಿ ಜೀವಿಗಳ ಬಳಗ ಇಲ್ಲಿಗೆ ಅಪರಿಚಿತವೇನಲ್ಲ. ದಡಕ್ಕೆಳೆದ ದೋಣಿಯ ತಳ ಕೆರೆಯುವಾಗ ಚಿಪ್ಪುಗಳ ನಡುವೆ ಸಿಗುವ ಬಿಳಿ ಪೊರೆಯಂಥ ಹೊಪ್ಪಳಿಕೆಗಳಲ್ಲಿ ಅವೂ ಇರುತ್ತವೆ. ಕೆರೆಯುವವರಿಗೆ ಅದು ಬರಿ ಕೊಳೆ.

ಕಡಲ ಬಸವನಹುಳುಗಳೂ ಇವೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಮುಳುಗು ಹಾಕುವವರು ಬಣ್ಣಬಣ್ಣದವನ್ನು ನೋಡಿ ಬರುತ್ತಾರೆ. ಮುಂಬೈಯ ಬಂಡೆ ತೀರದಲ್ಲಿ ಇಳಿತದ ಹೊತ್ತಿಗೆ ಗುಂಡಿಗಳನ್ನು ಸುತ್ತುವ ಆಸಕ್ತರಿಗೆ ಮಳೆಗಾಲ ಕಳೆದ ತಂಪು ತಿಂಗಳುಗಳು ಸುಗ್ಗಿ. ಆದರೆ ಮೋಡದ ಕೆಳಗೆ ಕಡಲು ಕುದಿಯುವ ಜೂನ್, ಜುಲೈಯಲ್ಲಿ ದ್ವೀಪಕ್ಕೆ ದೋಣಿಯೇ ಹೋಗದು, ಬಂಡೆಯ ಮೇಲೆ ನಿಲ್ಲಲೂ ಆಗದು. ಆ ತಿಂಗಳುಗಳಲ್ಲಿ ಹುಳು ಕಂಡಿಲ್ಲ ಎಂಬ ಟಿಪ್ಪಣಿಯನ್ನು ಹುಳು ಇಲ್ಲ ಎಂದು ಓದಿಕೊಳ್ಳಬಾರದು. ನೋಡುವವನ ಋತು ಬೇರೆ, ಹುಳುವಿನ ಋತು ಬೇರೆ.

ಹುಡುಕುವ ಬಗೆ

ಕೊರಾಂಬೆಯನ್ನು ಹುಡುಕಲು ಅದನ್ನೇ ಹುಡುಕಬಾರದು ಎಂಬುದು ಮೊದಲ ಪಾಠ. ಫ್ರೈಡೇ ಹಾರ್ಬರಿಗೆ ಬೇಸಿಗೆಯ ಕೊನೆಗೆ ಹೋಗುವವರು ದಡಕ್ಕೆ ಬಿದ್ದ ತಾಜಾ ಕೆಲ್ಪ್ ಎಲೆಯನ್ನು ಎತ್ತಿಕೊಂಡರೆ ಸಾಕು. ಭೂತಗನ್ನಡಿ ಇದ್ದರೆ ಒಳ್ಳೆಯದು.

ಜಾಲರಿಯಲ್ಲಿ ಒಳಗಿನ ಜೀವಿ ಇರುವ ಕೋಣೆಗಳು ತುಸು ಮಬ್ಬು, ತಿಂದು ಬಿಟ್ಟವು ಬಟಾಬಯಲು. ಆ ಖಾಲಿ ಕೋಣೆಗಳ ಜಾಡು ಹಿಡಿಯಬೇಕು. ಹತ್ತಿರದಲ್ಲೇ ಎಲ್ಲೋ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬಿಳಿ ಸುರುಳಿ ಅಂಟಿರುತ್ತದೆ, ಅದು ಮೊಟ್ಟೆ. ಮೊಟ್ಟೆಗೆ ವೇಷ ಹಾಕುವ ಕಲೆ ಹುಳುವಿಗೆ ಅಷ್ಟಾಗಿ ಒಲಿದಿಲ್ಲ, ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ಆ ಸುರುಳಿಯೇ. ಜಾಲರಿಯ ಅಂಚಿನಲ್ಲಿ ಮುಳ್ಳಿನ ಸಾಲು ಕಂಡರೆ ಮನೆಯವರಿಗೂ ವಾಸನೆ ಹತ್ತಿದೆ ಎಂದು ಅರ್ಥ.

ಆಮೇಲೆ ಎಲೆಯ ತುಂಡನ್ನು ಕಡಲನೀರು ತುಂಬಿದ ತಟ್ಟೆಯಲ್ಲಿ ಇಟ್ಟು, ಅಲುಗಿಸದೆ, ನೆರಳು ಬೀಳಿಸದೆ ಹತ್ತು ನಿಮಿಷ ಕಾಯಬೇಕು. ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದು ಕುಂಚಗಳು ಅರಳುತ್ತವೆ, ಜಾಲರಿಯ ಮೇಲೆ ಮಂಜು ಕವಿದಂತಾಗುತ್ತದೆ. ಒಂದು ಕಡೆ ಮಾತ್ರ, ಬೆರಳ ಉಗುರಿನಷ್ಟು ಜಾಗದಲ್ಲಿ, ಯಾವ ಕುಂಚವೂ ಏಳುವುದಿಲ್ಲ. ಅಲ್ಲೇ ಕಣ್ಣಿಟ್ಟಿದ್ದರೆ ಎರಡು ಸಣ್ಣ ಕೊಂಬು ಹೊರಬರುತ್ತವೆ, ಲೇಸಿನ ಆ ಚೂರು ಪಕ್ಕದ ಕೋಣೆಯ ಕಡೆಗೆ ಸರಿಯತೊಡಗುತ್ತದೆ.